ಅಪ್ಪನ ಲಿವರ್‌ಗೆ ಅಂತ ತರಿಸಿದ ಕ್ಯಾಪ್ಸೂಲು, ಗ್ರಂಧಿಗೆ ಅಂಗಡಿಯ ನೆಲನೆಲ್ಲಿ

ಕ್ಯಾಪ್ಸೂಲ್‌ಗೆ 1 ಸ್ಟಾರ್, ಗ್ರಂಧಿಗೆ ಅಂಗಡಿಗೆ 4. ಸ್ವಲ್ಪ ಉದ್ದ ಆಗುತ್ತೆ, ಮನೇಲಿ ಫ್ಯಾಟಿ ಲಿವರ್ ಇರೋರು ಇದ್ರೆ ದಯವಿಟ್ಟು ಪೂರ್ತಿ ಓದಿ.

ಅಪ್ಪಂಗೆ ಚೆಕಪ್‌ನಲ್ಲಿ ಎಸ್‌ಜಿಪಿಟಿ (ರಕ್ತದಲ್ಲಿ ನೋಡೋ ಲಿವರ್ ಎನ್‌ಜೈಮು, ಲಿವರ್‌ಗೆ ಪೆಟ್ಟಾದ್ರೆ ಏರುತ್ತೆ) 78 ಬಂತು, 40ರ ಆಸುಪಾಸಲ್ಲಿ ಇರ್ಬೇಕಿತ್ತು. ಸ್ಕ್ಯಾನಿಂಗಲ್ಲಿ ಗ್ರೇಡ್ 1 ಫ್ಯಾಟಿ ಲಿವರ್, ಅಂದ್ರೆ ಲಿವರಲ್ಲಿ ಕೊಬ್ಬು ಸೇರೋದು, ಶುರುವಿನ ಹಂತ. ಡಾಕ್ಟ್ರು ಅದಕ್ಕೆ ಅಂತ ಮಾತ್ರೆ ಏನೂ ಬರೀಲಿಲ್ಲ, ತೂಕ ಇಳಿಸಿ, ಸ್ವೀಟು ಬೇಕರಿ ತಿಂಡಿ ಬಿಡಿ, ಮೂರು ತಿಂಗಳು ಬಿಟ್ಟು ಬನ್ನಿ ಅಂದ್ರು. ನಂಗೆ ಸಮಾಧಾನ ಆಗ್ಲಿಲ್ಲ, ರಾತ್ರಿ ಕೂತು ಹುಡುಕಿ 'ಲಿವರ್ ಡಿಟಾಕ್ಸ್, 12 ಗಿಡಮೂಲಿಕೆ, ಫುಲ್ ಆಂಟಿಆಕ್ಸಿಡೆಂಟ್' ಅಂತ ಇದ್ದ ಒಂದು ಕ್ಯಾಪ್ಸೂಲ್ ಆರ್ಡರ್ ಮಾಡ್ದೆ. 60ಕ್ಕೆ 849 ರೂಪಾಯಿ.

ಡಬ್ಬಿ ಬಂದ್ಮೇಲೆ ಹಿಂದುಗಡೆ ಓದಿದ್ರೆ ಕಟುಕರೋಹಿಣಿ, ಕಾಲಮೇಘ, ಅಮೃತಬಳ್ಳಿ, ಪುನರ್ನವ, ಅರಿಶಿನ, ಗ್ರೀನ್ ಟೀ ಅಂತ ಹೆಸರುಗಳ ಸಾಲು, ಎಲ್ಲ ಸೇರಿ 500 ಮಿಲಿಗ್ರಾಂ, ಅಷ್ಟೇ. ಯಾವುದು ಎಷ್ಟು, ಬೇರಾ ಎಲೆಯಾ, ಬರೀ ಪುಡಿಯಾ ಎಕ್ಸ್‌ಟ್ರಾಕ್ಟಾ, ಏನೂ ಇಲ್ಲ. ಎಕ್ಸ್‌ಟ್ರಾಕ್ಟ್ ಅಂದ್ರೆ ಸಾರ ಹಿಂಡಿ ಗಟ್ಟಿ ಮಾಡಿರೋದು, ಒಂದು ಲೋಟ ಗ್ರೀನ್ ಟೀ ಕುಡಿಯೋದಕ್ಕೂ ಅದಕ್ಕೂ ಹೋಲಿಕೆನೇ ಇಲ್ಲ. ಗ್ರೀನ್ ಟೀಯಲ್ಲಿರೋ ಇಜಿಸಿಜಿ ಅನ್ನೋ ಆಂಟಿಆಕ್ಸಿಡೆಂಟನ್ನ ಸಪ್ಲಿಮೆಂಟ್ ರೂಪದಲ್ಲಿ ದಿನಕ್ಕೆ 800 ಮಿಲಿಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ತಗೊಂಡ್ರೆ ಲಿವರ್ ಎನ್‌ಜೈಮೇ ಏರಬಹುದು ಅಂತ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲೇ ಹೇಳಿದೆ. ಅಮೃತಬಳ್ಳಿ ತಗೊಂಡೋರಲ್ಲಿ ಲಿವರ್ ತೊಂದ್ರೆ ಕಂಡಿದ್ದನ್ನ 2021ರಲ್ಲಿ ಮುಂಬೈ ಡಾಕ್ಟ್ರುಗಳು ವರದಿ ಮಾಡಿದ್ರು, ಆಯುಷ್ ಸಚಿವಾಲಯ ಅದನ್ನ ಒಪ್ಪಲಿಲ್ಲ. ಯಾರು ಸರಿಯೋ, ಲಿವರ್ ಮೊದಲೇ ಸೋತಿರೋರಿಗೆ ಅಳತೆ ಗೊತ್ತಿಲ್ದೆ ಹೇಗೆ ಕೊಡೋದು? ಕಸ್ಟಮರ್ ಕೇರ್‌ಗೆ ಫೋನ್ ಮಾಡಿದ್ರೆ "100% ನ್ಯಾಚುರಲ್ ಮೇಡಂ, ಸೈಡ್ ಎಫೆಕ್ಟ್ ಇಲ್ಲ" ಅಂತ ಅದೇ ಮಾತು ಮೂರು ಸಲ. ಸೀಲ್ ಒಡೆದಿದೆ ಅಂತ ವಾಪಸ್ಸೂ ತಗೊಳ್ಳಲಿಲ್ಲ. ಅಪ್ಪಂಗೆ ಒಂದೂ ಕೊಡ್ಲಿಲ್ಲ.

ಆಮೇಲೆ ಮೈಸೂರಲ್ಲಿ ದೇವರಾಜ ಮಾರ್ಕೆಟ್ ಹತ್ರ ಒಂದು ಹಳೇ ಗ್ರಂಧಿಗೆ ಅಂಗಡಿಗೆ ಹೋದೆ. ನೆಲನೆಲ್ಲಿ ಪುಡಿ ಕೊಡಿ ಅಂದ್ರೆ ಅಂಗಡಿ ಯಜಮಾನ್ರು ಕೊಡ್ಲೇ ಇಲ್ಲ. "ಪುಡೀಲಿ ಏನಿದೆ ಅಂತ ನಿಮಗೂ ಗೊತ್ತಾಗಲ್ಲ ನಂಗೂ ಗೊತ್ತಾಗಲ್ಲಮ್ಮ, ಒಣಗಿದ ಗಿಡಾನೇ ತಗೊಳ್ಳಿ, ಎಲೆ ಅಡೀಲಿ ಸಾಲಾಗಿ ಕಾಯಿ ಇರುತ್ತೆ ನೋಡ್ಕೊಳ್ಳಿ" ಅಂತ ಬಿಡಿಸಿ ತೋರಿಸಿದ್ರು. ಯಾರಿಗೆ, ಶುಗರ್ ಮಾತ್ರೆ ತಗೋತಾರಾ ಅಂತ ಕೇಳಿದ್ರು, ಹೌದು ಅಂದಿದ್ದಕ್ಕೆ ಡಾಕ್ಟ್ರನ್ನ ಕೇಳದೆ ಕೊಡಬೇಡಿ, ಶುಗರ್ ಇನ್ನೂ ಇಳಿದೀತು ಅಂದ್ರು. ಮಾರೋರೇ ಹಿಂಗೆ ತಡೆದಿದ್ದು ನೋಡಿ ಮನಸ್ಸು ತುಂಬಿ ಬಂತು.

ನಮ್ಮಜ್ಜಿ ಕಾಮಾಲೆ ಆದೋರಿಗೆ ಇದನ್ನೇ ಅರೆದು ಮಜ್ಜಿಗೇಲಿ ಕೊಡ್ತಿದ್ರು. 1988ರಲ್ಲಿ ಲ್ಯಾನ್ಸೆಟ್ ಪತ್ರಿಕೇಲೂ ಬಂದಿತ್ತು, ಮದ್ರಾಸಲ್ಲಿ ಹೆಪಟೈಟಿಸ್ ಬಿ ವೈರಸ್ ಇದ್ದೋರಿಗೆ 30 ದಿನ ನೆಲನೆಲ್ಲಿ ಕೊಟ್ಟಾಗ 37 ಜನರಲ್ಲಿ 22 ಮಂದಿ ರಕ್ತದಲ್ಲಿ ಅದರ ಗುರುತು ಸಿಗಲಿಲ್ಲ ಅಂತ. ಆಮೇಲೆ ಬೇರೆ ಕಡೆ ಮಾಡಿ ನೋಡಿದಾಗ ಆ ಥರ ಫಲ ಬರ್ಲಿಲ್ಲ. ಅದೂ ವೈರಸ್ಸಿನ ವಿಷಯ, ಕೊಬ್ಬಿನದಲ್ಲ.

ನಮ್ಮ ಡಾಕ್ಟ್ರು ಔಷಧಿ ಅಂತ ದಿನಾ ಬೇಡ, ವಾರಕ್ಕೊಂದ್ಸಲ ಊಟಕ್ಕೆ ತಂಬುಳಿ ಆದ್ರೆ ಪರವಾಗಿಲ್ಲ ಅಂದ್ರು. ಜೀರಿಗೆ, ಮೆಣಸು ಜೊತೆ ತುಪ್ಪದಲ್ಲಿ ಹುರಿದು, ತೆಂಗಿನಕಾಯಿ ಹಾಕಿ ರುಬ್ಬಿ ಮಜ್ಜಿಗೆಗೆ ಬೆರೆಸಿದ್ರೆ ಆಯ್ತು, ಸ್ವಲ್ಪ ಕಹಿ, ಅಪ್ಪ ಇಷ್ಟಪಟ್ಟು ಉಣ್ತಾರೆ. ಮೂರು ತಿಂಗಳಿಗೆ ಎಸ್‌ಜಿಪಿಟಿ 46. ಅಷ್ಟರಲ್ಲಿ ಅಪ್ಪ ದಿನಾ ಬೆಳಿಗ್ಗೆ ವಾಕ್ ಮಾಡಿ 5 ಕೆಜಿ ಇಳಿದಿದ್ರು, ಹಾಗಾಗಿ ಇಳಿಸಿದ್ದು ತಂಬುಳಿ ಅಂತ ನಾನು ಹೇಳಲ್ಲ, ನೀವೂ ಹಾಗೆ ಅಂದ್ಕೊಂಡು ತರೋಕೆ ಹೋಗ್ಬೇಡಿ.

ಅಂಗಡಿಗೆ ಒಂದು ಸ್ಟಾರ್ ಕಡಿಮೆ ಮಾಡಿದ್ದು ಪೊಟ್ಟಣದ ಮೇಲೆ ತಾರೀಖು ಇಲ್ಲ ಅಂತ, ಮಧ್ಯೆ ಹುಲ್ಲು ಕಡ್ಡೀನೂ ಇತ್ತು, ಆರಿಸ್ಕೋಬೇಕು. 100 ಗ್ರಾಂ 40 ರೂಪಾಯಿ. ಬೆಳಿಗ್ಗೇನೇ ಹೋಗಿ, ಸಂಜೆ ರಶ್ಶಲ್ಲಿ ಅವರಿಗೆ ಇಷ್ಟೆಲ್ಲ ಮಾತಾಡೋಕೆ ಪುರುಸೊತ್ತಿರಲ್ಲ.