“ಮನೇಲಿ ಮಾಡಿದ ನ್ಯಾಚುರಲ್” ತುಕ್ಕು ರಿಮೂವರ್ ತಗೊಳ್ಳೋ ಮುಂಚೆ ಇದನ್ನು ಓದಿ

ಹಳೇ ಬೈಕ್ ಇಟ್ಟುಕೊಂಡವರು ದಯವಿಟ್ಟು ಓದಿ. ಅದರಲ್ಲೂ ಜಾವಾ, ಯೆಜ್ಡಿ ಇರುವವರು. ಮೈಸೂರಿನ ಫ್ಯಾಕ್ಟರಿ ಮುಚ್ಚಿದ್ದು 1996ರಲ್ಲಿ. ಆಗಿನ ಒರಿಜಿನಲ್ ಪಾರ್ಟ್ ಹಾಳಾದರೆ ಮತ್ತೆ ಎಲ್ಲಿಂದ ತರೋದು?

ವಾಟ್ಸಾಪ್‌ನಲ್ಲಿ ಮಾರುವವನೊಬ್ಬ. “ಮನೇಲೇ ಮಾಡಿದ್ದು ಸರ್. ಹುಣಸೆಹಣ್ಣು, ನಿಂಬೆ ಉಪ್ಪು ಅಷ್ಟೇ. ಆ್ಯಸಿಡ್ ಹಾಕೋದೇ ಇಲ್ಲ. ಬಾಯಿಗೆ ಹೋದ್ರೂ ಏನೂ ಆಗಲ್ಲ.” ನಿಂಬೆ ಉಪ್ಪು (ಸಿಟ್ರಿಕ್ ಆ್ಯಸಿಡ್) ಕೂಡ ಆ್ಯಸಿಡ್ಡೇ, ಅದಿರಲಿ. ಲೀಟರಿಗೆ 450 ರೂಪಾಯಿ. ಹಿತ್ತಾಳೆ ಪಾತ್ರೆಯನ್ನು ಹುಣಸೆಹಣ್ಣಲ್ಲಿ ತಿಕ್ಕೋದು ನೋಡಿ ಬೆಳೆದವರಿಗೆ ಇಂಥ ಮಾತು ಬೇಗ ನಾಟುತ್ತದೆ. ಅದು ಅವನಿಗೂ ಗೊತ್ತು.

ನಾನೂ ತಗೊಂಡೆ. ನನ್ನ ಬೈಕಿನ ಎರಡೂ ಸೈಲೆನ್ಸರ್, ಕಿಕ್ ಸ್ಪ್ರಿಂಗ್, ಕಾರ್ಬೊರೇಟರ್ ಅದರಲ್ಲಿ ಹಾಕಿದೆ. “ಯಾವ ಲೋಹಕ್ಕಾದ್ರೂ ಆಗುತ್ತೆ, ರಾತ್ರಿ ನೆನೆಸಿ ಬೆಳಗ್ಗೆ ತೆಗೀರಿ” ಅಂದಿದ್ದ. ಹಾಗೇ ಮಾಡಿದೆ. ಬೆಳಗ್ಗೆ ತುಕ್ಕು ಹೋಗಿತ್ತು, ಸುಳ್ಳು ಹೇಳಲ್ಲ. ಜೊತೆಗೆ ಕ್ರೋಮ್ ಕೂಡ ಹೋಗಿತ್ತು! ಸೈಲೆನ್ಸರ್ ಮಬ್ಬು ಹಳದಿ. ಕಾರ್ಬೊರೇಟರ್ ಮೈ ಕಪ್ಪಾಗಿ ಗುಳಿ ಗುಳಿ.

ಹೊಟ್ಟೆ ಉರಿದಿದ್ದು ಅದಕ್ಕಲ್ಲ. ಗೋಡೆಗೆ ನೇತುಹಾಕಿದ್ದ ಸ್ಪ್ಯಾನರ್‌ಗಳನ್ನು ನೋಡಿದಾಗ. ನಾನು ಮುಟ್ಟೇ ಇಲ್ಲ ಅವುಗಳನ್ನು. ಎಲ್ಲದರ ಮೇಲೂ ಕೆಂಪು ತುಕ್ಕು. ಡ್ರಿಲ್ ಬಿಟ್, ವರ್ನಿಯರ್, ಅಪ್ಪನ ಕಾಲದ ಕಟಿಂಗ್ ಪ್ಲೇಯರ್, ಎಲ್ಲಾ. ನಿಂಬೆ ಉಪ್ಪಿನ ನೀರಿನಿಂದ ಆವಿ ಎದ್ದು ಗೋಡೆ ಮೇಲಿನ ಸ್ಪ್ಯಾನರ್ ತುಕ್ಕು ಹಿಡಿಯುತ್ತಾ? ಸಾಧ್ಯವೇ ಇಲ್ಲ. ಹಾಗೆ ಮಾಡೋದು ಹೈಡ್ರೋಕ್ಲೋರಿಕ್ ಆ್ಯಸಿಡ್. ನಮ್ಮ ಮೆಕ್ಯಾನಿಕ್ ಕ್ಯಾನ್ ಮುಚ್ಚಳ ತೆಗೆದವರೇ ಮುಖ ತಿರುಗಿಸಿ ನಕ್ಕುಬಿಟ್ಟರು. “ಇದು ಬಾತ್‌ರೂಮ್ ಆ್ಯಸಿಡ್ ಅಲ್ವಾ ಸಾರ್? ಅಂಗಡೀಲಿ 40 ರೂಪಾಯಿ.” ಗ್ಯಾರೇಜ್ ಹುಡುಗರೆಲ್ಲ ಕೇಳಿಸಿಕೊಂಡರು. ಅದಕ್ಕೆ ಬಣ್ಣ, ನಿಂಬೆ ವಾಸನೆ ಬೆರೆಸಿ 450!

ಈಗ ಅವನ ಉತ್ತರಗಳನ್ನು ಕೇಳಿ.

ಮೊದಲು, “ಸರ್, ನಿಮ್ಮ ಕ್ರೋಮ್ ಡೂಪ್ಲಿಕೇಟ್ ಇರ್ಬೇಕು.” ಫ್ಯಾಕ್ಟರಿ ಕ್ರೋಮ್ ಮಾರಾಯ ಅದು! ಸ್ಪ್ಯಾನರ್ ಫೋಟೋ ಕಳಿಸಿದೆ. “ಮಳೆಗಾಲ ಅಲ್ವಾ ಸರ್, ತುಕ್ಕು ಬರೋದೇ.” ಒಂದೇ ರಾತ್ರಿಗೆ? “ಜಾಸ್ತಿ ಹೊತ್ತು ನೆನೆಸಿದ್ದೀರಿ.” ರಾತ್ರಿಯೆಲ್ಲ ಅಂತ ಹೇಳಿದ್ದು ಇವನೇ. ಬಾಯಿಗೆ ಹೋದರೂ ಏನೂ ಆಗಲ್ಲ ಅಂದ್ಯಲ್ಲ, ಒಂದು ಚಮಚ ಕುಡಿದು ವಿಡಿಯೋ ಕಳಿಸಪ್ಪಾ ಅಂದೆ. “ತಮಾಷೆ ಮಾಡ್ಬೇಡಿ ಸರ್, ನಾವು ಮರ್ಯಾದಸ್ಥರು.” ಆಮೇಲೆ ಬ್ಲಾಕ್.

ಕಿಕ್ ಸ್ಪ್ರಿಂಗ್ ನೋಡಲು ಫಳಫಳ ಅನ್ನುತ್ತಿತ್ತು. ಹಾಕಿ ಸ್ವಲ್ಪ ಒದ್ದಿದ್ದಷ್ಟೇ, ಟಪ್ ಅಂತ ಮುರಿಯಿತು. ಆ್ಯಸಿಡ್‌ನಲ್ಲಿ ಕಬ್ಬಿಣ ಕರಗುವಾಗ ಹುಟ್ಟುವ ಹೈಡ್ರೋಜನ್ ಗಟ್ಟಿ ಉಕ್ಕಿನೊಳಗೆ ಸೇರಿ ಅದನ್ನು ಪೆಡಸು ಮಾಡುತ್ತದೆ. ನಮ್ಮ ಜಾವಾ, ಯೆಜ್ಡಿಯಲ್ಲಿ ಕಿಕ್ಕರ್, ಗೇರ್ ಎರಡೂ ಒಂದೇ ಲಿವರ್. ಒಂದು ಹೋದರೆ ಕೆಲಸ ಎಷ್ಟಿದೆ ಅಂತ ಗೊತ್ತಿರುವವರಿಗೆ ಗೊತ್ತು.

ತುಕ್ಕು ತೆಗೀಬೇಕಾ? ನಿಂಬೆ ಉಪ್ಪನ್ನು ನೀವೇ ಅಂಗಡಿಯಿಂದ ತನ್ನಿ. ಲೀಟರ್ ನೀರಿಗೆ 50ರಿಂದ 100 ಗ್ರಾಂ. ಬರೀ ಕಬ್ಬಿಣಕ್ಕೆ ಮಾತ್ರ. ಆಗಾಗ ತೆಗೆದು ನೋಡಿ, ಆದಮೇಲೆ ಅಡುಗೆ ಸೋಡಾ ನೀರಲ್ಲಿ ತೊಳೆದು, ಒಣಗಿಸಿ, ತಕ್ಷಣ ಎಣ್ಣೆ ಸವರಿ. ಅಲ್ಯೂಮಿನಿಯಂ, ಕಾರ್ಬೊರೇಟರ್, ಸ್ಪ್ರಿಂಗ್ ಹಾಕಲೇಬೇಡಿ. ಈಗಾಗಲೇ ಇವನ ಕ್ಯಾನ್ ತಗೊಂಡಿದ್ದರೆ ಬ್ಲೀಚ್ ಹತ್ತಿರ ಇಡಬೇಡಿ. ಎರಡೂ ಬೆರೆತರೆ ಬರೋದು ಕ್ಲೋರಿನ್ ಅನಿಲ. ಮನೇಲಿ ಮಕ್ಕಳಿದ್ದರೆ ಯೋಚಿಸಿ.

ಬಿಳಿ ಕ್ಯಾನ್, ಹಸಿರು ಎಲೆ ಸ್ಟಿಕ್ಕರ್. ಅದರ ಮೇಲೆ ಏನೇನು ಹಾಕಿದ್ದಾರೆ ಅಂತಲೂ ಇಲ್ಲ, ವಿಳಾಸವೂ ಇಲ್ಲ. ನನ್ನನ್ನು ಬ್ಲಾಕ್ ಮಾಡಿದವನು ಈಗ ಬೇರೆ ನಂಬರಿನಿಂದ “ಹೊಸ ಸ್ಟಾಕ್ ಬಂದಿದೆ” ಅಂತ ಹಾಕುತ್ತಿದ್ದಾನೆ. 50 ರೂಪಾಯಿ ಜಾಸ್ತಿ ಬೇರೆ ಮಾಡಿದ್ದಾನೆ.