ಡ್ಯೂಟಿ ರೂಮಲ್ಲಿ ಮೂರು ತಿಂಗಳು ಬಳಸಿದ ಬ್ರೆಸ್ಟ್ ಪಂಪ್, ತಗೋಬಹುದಾ?

ನಾನು ಡಾಕ್ಟರ್, ಅನಸ್ತೇಶಿಯಾ (ಅರಿವಳಿಕೆ) ವಿಭಾಗದಲ್ಲಿ ಪಿಜಿ ಓದ್ತಿದೀನಿ, ಸೆಕೆಂಡ್ ಇಯರ್, ಮಗಳಿಗೆ ಈಗ ಏಳು ತಿಂಗಳು. 2017ರ ತಿದ್ದುಪಡಿ ಆದ್ಮೇಲೆ ಕಾನೂನಲ್ಲಿ 26 ವಾರ ಹೆರಿಗೆ ರಜೆ ಇದೆ ನಿಜ, ಆದ್ರೆ ನಾನು ರಜೆ ಎಳೆದಷ್ಟೂ ಕೋರ್ಸ್ ಮುಂದಕ್ಕೆ ಹೋಗತ್ತೆ, ಬ್ಯಾಚ್‌ನವ್ರ ಜೊತೇಲೇ ಎಕ್ಸಾಮ್ ಬರೀಬೇಕು ಅನ್ನೋ ಹಠಕ್ಕೆ ನಾಲ್ಕನೇ ತಿಂಗಳಿಗೇ ವಾಪಸ್ ಬಂದೆ. ಹಂಗಾಗಿ ಎದೆಹಾಲು ತೆಗೆಯೋ ಈ ಪಂಪು. ಆರು ಸಾವಿರದ ಚಿಲ್ರೆ, ಬ್ರಾ ಒಳಗೇ ಕೂರೋದು, ವೈರ್ ಇಲ್ಲ.

ಒಳ್ಳೇದು ಅಂದ್ರೆ ಎರಡು ಕೇಸ್ ಮಧ್ಯೆ ಹದಿನೈದು ನಿಮಿಷದಲ್ಲಿ 80-90 ಎಂಎಲ್ ಬರತ್ತೆ, ಅಷ್ಟೊತ್ತಿಗೆ ಕೇಸ್ ಶೀಟೂ ಬರ್ದಿರ್ತೀನಿ. ಸೌಂಡ್ ಇಲ್ಲ ಅಂತ ಬಾಕ್ಸ್ ಮೇಲೆ ಹಾಕಿದಾರೆ, ಸುಳ್ಳು! ಒಂದಿನ ಸರ್ "ಯಾರದ್ದಮ್ಮ ಫೋನ್ ವೈಬ್ರೇಟ್ ಆಗ್ತಿರೋದು" ಅಂತ ಸುತ್ತ ನೋಡಿದ್ರು. ಅತ್ತೆ ಅಂತೂ ಇದಕ್ಕೆ ಡೈರಿ ಮಿಷಿನ್ ಅಂತಲೇ ಹೆಸರಿಟ್ಟಿದಾರೆ.

ದೊಡ್ಡ ತಲೆನೋವು ವಾಲ್ವ್. ಉಗುರಿನಷ್ಟು ಸಿಲಿಕೋನ್ ತುಂಡು, ಎರಡನೇ ತಿಂಗಳಿಗೇ ಹರೀತು, ಸಕ್ಷನ್ ಪೂರ್ತಿ ಹೋಯ್ತು, ಅವತ್ತು ನೈಟ್ ಡ್ಯೂಟಿ, ಬೆಳಗ್ಗೆ ಅಷ್ಟೊತ್ತಿಗೆ ಎದೆ ಕಲ್ಲಾಗಿತ್ತು, ಸ್ಕ್ರಬ್ಸ್ ಎಲ್ಲಾ ಒದ್ದೆ. ಕಸ್ಟಮರ್ ಕೇರ್‌ನವ್ರು ಸ್ಪೇರ್ ಕಳ್ಸೋಕೆ ಒಂಬತ್ತು ದಿನ ತಗೊಂಡ್ರು. ತಗೊಳ್ಳೋವಾಗ್ಲೇ ಎರಡು ವಾಲ್ವ್ ಎಕ್ಸ್‌ಟ್ರಾ ತಗೊಳ್ಳಿ.

ಜೊತೆಗೆ ಐಸ್ ಪ್ಯಾಕ್ ಬ್ಯಾಗೂ ಬೇಕು, ತೆಗೆದ ಹಾಲು ಹೊರಗೆ ಇಟ್ರೆ ನಾಲ್ಕು ಗಂಟೆ ಅಷ್ಟೆ. ಡ್ಯೂಟಿ ರೂಮ್ ಫ್ರಿಜ್ ಇದೆ, ಆದ್ರೆ ಹೆಸರು ಬರೀದೆ ಇಟ್ರೆ ಯಾವನಾದ್ರೂ ಇಂಟರ್ನ್ ಕಾಫಿಗೆ ಹಾಕ್ಕೊಂಡಾನು.

ಐವತ್ತು ಜನ ಕೆಲಸಕ್ಕಿರೋ ಕಡೆ ಶಿಶುಪಾಲನಾ ಕೊಠಡಿ ಇರ್ಬೇಕು, ದಿನಕ್ಕೆ ನಾಲ್ಕು ಸಲ ಮಗು ನೋಡೋಕೆ ಬಿಡ್ಬೇಕು ಅಂತ ಅದೇ ಹೆರಿಗೆ ರಜೆ ಕಾನೂನಲ್ಲಿದೆ. ನಮ್ಮಲ್ಲಿ ಆ ರೂಮಲ್ಲಿ ಹಳೇ ಫೈಲ್ ಪೇರಿಸಿದಾರೆ. ಅದು ಪಂಪಿನ ತಪ್ಪಲ್ಲ ಬಿಡಿ, ಐದಕ್ಕೆ ಮೂರೂವರೆ ಕೊಡ್ತೀನಿ.