ಹಾಲೂ ಸಕ್ಕರೆಯೂ ಇರುವ ಬಟ್ಟೆ

ಸೀರ್‌ಸಕರ್ ಎಂಬ ಸುಕ್ಕು ಪಟ್ಟೆಯ ಬಟ್ಟೆ ಎರಡೂವರೆ ಮೀಟರ್ ತಂದು ಅರ್ಧ ತೋಳಿನ ಶರ್ಟ್ ಹೊಲಿದುಕೊಂಡಿದ್ದೆ. ನೀಲಿ-ಬಿಳಿ ಪಟ್ಟೆ, ಪೂರ್ತಿ ಹತ್ತಿ. ಎರಡು ಬೇಸಿಗೆ ಹಾಕಿಕೊಂಡ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಮೊದಲು ಹೆಸರಿನ ಮಾತು. ಪಾರಸಿಯ ‘ಶೀರ್ ಓ ಶಕರ್’ ಇಂಗ್ಲಿಷಿನವರ ಬಾಯಿಗೆ ಸಿಕ್ಕಿ ಸೀರ್‌ಸಕರ್ ಆಯಿತು. ಅಂದರೆ ಹಾಲು ಮತ್ತು ಸಕ್ಕರೆ. ಆ ಶಕರ್, ನಮ್ಮ ಸಕ್ಕರೆ ಎರಡೂ ಸಂಸ್ಕೃತದ ಶರ್ಕರಾದಿಂದ ಬಂದವು. ಶರ್ಕರಾ ಎಂದರೆ ಸಣ್ಣ ಹರಳುಕಲ್ಲು ಎಂಬ ಅರ್ಥವೂ ಇದೆ. ಬಟ್ಟೆಯ ಮೇಲೆ ಬೆರಳಾಡಿಸಿದರೆ ಈ ಹೆಸರು ಎಷ್ಟು ಸರಿ ಅಂತ ಗೊತ್ತಾಗುತ್ತದೆ. ಒಂದು ಪಟ್ಟೆ ಹಾಲಿನಂತೆ ನುಣುಪು, ಪಕ್ಕದ್ದು ಹರಳು ಹರಳು. ಕಣ್ಣು ಮುಚ್ಚಿಕೊಂಡೇ ಪಟ್ಟೆ ಎಣಿಸಬಹುದು.

ಈ ಸುಕ್ಕು ಮಗ್ಗದಲ್ಲೇ ಹುಟ್ಟುವಂಥದ್ದು. ಹಾಸಿನ ನೂಲನ್ನು, ಅಂದರೆ ಉದ್ದಕ್ಕೆ ಓಡುವ ಎಳೆಗಳನ್ನು, ಎರಡು ಬೀಮಿಗೆ (ಮಗ್ಗದ ಉರುಳೆಗೆ) ಸುತ್ತಿರುತ್ತಾರೆ. ಒಂದರ ಎಳೆಗಳು ಬಿಗಿ, ಇನ್ನೊಂದರವು ಸಡಿಲ. ಸಡಿಲ ಎಳೆ ಜಾಸ್ತಿ ಉದ್ದ ಒಳಗೆ ಹೋಗುತ್ತದೆ. ಅಡ್ಡಕ್ಕೆ ಓಡುವ ಹೊಕ್ಕಿನ ನೂಲು ಎರಡನ್ನೂ ಸೇರಿಸಿ ಹಿಡಿದಾಗ ಆ ಹೆಚ್ಚಿನ ನೂಲು ಉಬ್ಬಿ ನಿಲ್ಲುತ್ತದೆ. ಒಗೆದರೆ ಹೋಗುವ ಸುಕ್ಕಲ್ಲ ಇದು.

ಇದನ್ನು ಒತ್ತಿ ಹೇಳಲು ಕಾರಣವಿದೆ. ಹಿಂದೊಮ್ಮೆ ಇದೇ ಹೆಸರಿನಲ್ಲಿ ರೆಡಿಮೇಡ್ ಶರ್ಟ್ ಒಂದನ್ನು ಕೊಂಡಿದ್ದೆ. ನಾಲ್ಕು ಸಲ ಇಸ್ತ್ರಿ ಮಾಡುವಷ್ಟರಲ್ಲಿ ಮಟ್ಟಸವಾಯಿತು. ಅದು ಪ್ಲಿಸೆ. ಕಾಸ್ಟಿಕ್ ಸೋಡಾವನ್ನು ಪಟ್ಟೆ ಪಟ್ಟೆಯಾಗಿ ಹಚ್ಚಿ, ಹತ್ತಿ ಕುಗ್ಗುವಂತೆ ಮಾಡಿ ಸುಕ್ಕು ತರಿಸಿದ ಬಟ್ಟೆ. ಪ್ಲಿಸೆ ಕೆಟ್ಟದ್ದೇನಲ್ಲ, ಹಗುರವಾಗಿ ಚೆನ್ನಾಗಿಯೇ ಇರುತ್ತದೆ. ಆದರೆ ಅದರ ಹೆಸರು ಹೇಳಿಯೇ ಮಾರಬೇಕು ಅಲ್ವಾ? ಈಗ ಕೊಳ್ಳುವಾಗ ಪಟ್ಟೆಯ ಉದ್ದಕ್ಕೆ ಎಳೆದು ನೋಡುತ್ತೇನೆ. ನಿಜವಾದ ಸೀರ್‌ಸಕರ್‌ನಲ್ಲಿ ಬಿಗಿ ಎಳೆಗಳು ತಡೆಯುತ್ತವೆ, ಉಬ್ಬು ಹಾಗೇ ಉಳಿಯುತ್ತದೆ.

ಹಾಕಿಕೊಂಡಾಗಿನ ಸುಖ ದೊಡ್ಡದು. ಉಬ್ಬುಗಳಷ್ಟೇ ಮೈಗೆ ತಾಗುವುದರಿಂದ ನಡುವೆ ಗಾಳಿ ಆಡುತ್ತದೆ. ಬೆವರಿದರೂ ಬೆನ್ನಿಗೆ ಮೆತ್ತಿಕೊಳ್ಳುವುದಿಲ್ಲ. ಒಗೆದು, ಕೊಡವಿ, ಹ್ಯಾಂಗರಿಗೆ ಹಾಕಿದರೆ ಆಯಿತು. ಇಸ್ತ್ರಿ ಬೇಡವೇ ಬೇಡ.

ಹೊಲಿಯುವವರಿಗೆ ಮಾತ್ರ ತಾಳ್ಮೆ ಬೇಕು. ಕತ್ತರಿಸುವ ಮುಂಚೆ ನೀರಲ್ಲಿ ನೆನೆಸಿ ಒಣಗಿಸಿಕೊಳ್ಳಿ, ಹತ್ತಿ ಕುಗ್ಗುತ್ತದೆ. ಗೆರೆ ಹಾಕುವಾಗ ಬಟ್ಟೆಯನ್ನು ಎಳೆದು ಹಿಡಿಯಬೇಡಿ, ಬಿಟ್ಟ ಕೂಡಲೇ ಅಳತೆ ತಪ್ಪುತ್ತದೆ. ನನ್ನ ಶರ್ಟಿನ ಕಾಲರಿಗೆ ಬಕ್ರಂ (ಕಾಲರನ್ನು ಗಟ್ಟಿಯಾಗಿಸುವ ಬಟ್ಟೆ) ಅಂಟಿಸಲು ಬಿಸಿ ಇಸ್ತ್ರಿ ಒತ್ತಿದ್ದೆ. ಅಲ್ಲಿ ಉಬ್ಬು ಕೂತುಬಿಟ್ಟಿತು, ಈಗಲೂ ಕಾಲರ್ ಬೇರೆ ಬಟ್ಟೆಯದ್ದೇನೋ ಅನ್ನಿಸುತ್ತದೆ. ಮುಂದಿನ ಶರ್ಟಿಗೆ ಕಾಲರಿನ ಒಳಪದರಕ್ಕೆ ಮಾತ್ರ ಬಕ್ರಂ ಹಾಕುತ್ತೇನೆ. ಬಟ್ಟೆ ಆಗಲೇ ತಂದು ನೆನೆಸಿಟ್ಟಿದ್ದೇನೆ.